ಶುಂಠಿ ಬೆಲ್ಲಕ್ಕೆ ಚೀನಾದ ಚೀಟಿ

ಪಕ್ಕದ ಮನೆಯಾಕೆ ಒಂದು ಸಂಜೆ ಬಾಗಿಲು ಬಡಿದು ನನ್ನ ಕೈಗೆ ಒಂದು ಕೆಂಪು ಡಬ್ಬಿ ಇಟ್ಟರು. ಮೇಲೆಲ್ಲ ಚೀನೀ ಅಕ್ಷರ, ನಡುವೆ ಒಂದು ಹೂವಿನ ಚಿತ್ರ. "ಅಕ್ಕಾ, ಇದಿ ಚೈನಾ ಮಂದು, ಪಾಪಕಿ ಇವ್ವಂಡಿ" ಅಂದರು. ಮಗಳಿಗೆ ಕೊಡಿ, ಮೂರು ತಿಂಗಳಲ್ಲಿ ಮುಟ್ಟಿನ ಹೊಟ್ಟೆನೋವು ಹೇಳಹೆಸರಿಲ್ಲದಂತೆ ಹೋಗುತ್ತೆ ಅಂತ ಅವರ ಭರವಸೆ. ಬೆಲೆ 1,450 ರೂಪಾಯಿ. ಪಕ್ಕದ ಮನೆಯವರು ಅಂತ ನಮಗೆ 1,200. ಒಳಗೆ ಮಗಳು ಮಂಡಿಯನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅಂಥ ಹೊತ್ತಿನಲ್ಲಿ ಯಾವ ತಾಯಿ ಚೌಕಾಸಿ ಮಾಡುತ್ತಾಳೆ ಹೇಳಿ? ದುಡ್ಡು ಕೊಟ್ಟೆ. ಬಿಸಿನೀರಿಗೆ ಒಂದು ಪೊಟ್ಟಣ ಸುರಿದೆ. ಘಮ್ಮಂತ ವಾಸನೆ ಬಂತು ನೋಡಿ, ನಾನು ಚಮಚ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಒಣಶುಂಠಿ, ಬೆಲ್ಲ! ಶಿರಾ ಸೀಮೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಹಿತ್ತಲ ಒಲೆ ಮೇಲೆ ಕಾಸಿ ಕೊಡುತ್ತಿದ್ದ ಅದೇ ಕಷಾಯ, ಚೀನಾದ ಚೀಟಿ ಅಂಟಿಸಿಕೊಂಡು ನಾಚಾರಂನ ಮೂರನೇ ಮಹಡಿಗೆ ಬಂದಿತ್ತು.

ಈ ಬರಹ ಆ ಡಬ್ಬಿಯ ಮೇಲಿನ ಜಗಳ ಅಂತ ತಿಳಿದರೂ ಸರಿ. ಆದರೆ ಜಗಳ ಡಬ್ಬಿಯ ಹತ್ತಿರವೇ ನಿಲ್ಲುವುದಿಲ್ಲ. ಊರಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮ ಜೊತೆಯೂ ಸ್ವಲ್ಪ ಇದೆ.

ನಾನು ನಾಚಾರಂಗೆ ಬಂದದ್ದು 2004ರಲ್ಲಿ, ಮದುವೆಯಾದ ಹೊಸದರಲ್ಲಿ. ಹೈದರಾಬಾದು ಅಂದರೆ ಚಾರ್‌ಮಿನಾರು, ಬಿರಿಯಾನಿ, ಹೈಟೆಕ್ ಸಿಟಿ ಅಂತ ಊರಿನವರ ಲೆಕ್ಕ. ನಮ್ಮ ನಾಚಾರಂ ಅದ್ಯಾವುದೂ ಅಲ್ಲ. ಹಬ್ಸಿಗುಡ ದಾಟಿ ಈ ಕಡೆ ಬಂದರೆ ಕಾರ್ಖಾನೆ ಶೆಡ್ಡುಗಳು, ಲಾರಿಗಳು, ಇಎಸ್‌ಐ ಆಸ್ಪತ್ರೆ, ನಡುನಡುವೆ ಒತ್ತಿಕೊಂಡು ನಿಂತ ಅಪಾರ್ಟ್‌ಮೆಂಟುಗಳು. ಇಲ್ಲಿಯ ಒಂದು ಮಾತ್ರೆ ಪ್ಯಾಕಿಂಗ್ ಘಟಕದಲ್ಲಿ ನಾನು ಲೆಕ್ಕ ಬರೆಯುವವಳು. ನೋವಿನ ಮಾತ್ರೆಗಳು ಸಾವಿರಗಟ್ಟಲೆ ನನ್ನ ಕಣ್ಣ ಮುಂದೆಯೇ ಹಾದುಹೋಗುತ್ತವೆ. ಅವನ್ನು ಡಬ್ಬಕ್ಕೆ ತುಂಬುವ ಹುಡುಗಿಯರು ಎಂಟು ಗಂಟೆ ನಿಂತೇ ಇರುತ್ತಾರೆ. ಯಾವ ಹುಡುಗಿಗೆ ಆ ದಿನ ಅಂತ ಹೇಳದೆ ಗೊತ್ತಾಗುತ್ತದೆ; ಒಂದು ಕೈ ಸೊಂಟದ ಮೇಲೆ ಇರುತ್ತದೆ.

ಇಲ್ಲಿಗೆ ಬಂದ ಮೊದಲ ತಿಂಗಳು ನನಗೆ ಆದದ್ದು ಖುಷಿ. ಊರಿನಲ್ಲಿ 'ಕಾಗೆ ಮುಟ್ಟಿದೆ' ಅಂದರೆ ಪಡಸಾಲೆಯ ಮೂಲೆ, ಒಂದು ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಇಲ್ಲಿ ಯಾರೂ ಕೇಳುವವರಿಲ್ಲ. ದೇವರ ಮನೆ ಅಡುಗೆಮನೆಯ ಕಪಾಟಿನಲ್ಲೇ ಇದೆ, ಮೈಲಿಗೆ ಮಾಡಿಕೊಂಡು ದೂರ ಕೂರಲು ಜಾಗವಾದರೂ ಎಲ್ಲಿದೆ? ಆದರೆ ಅದೇ ದಿನ ಮಧ್ಯಾಹ್ನ ನೋವು ಏರಿದಾಗ ಗೊತ್ತಾಯಿತು: 'ದೂರ ಕೂರು' ಅನ್ನುವವರೂ ಇಲ್ಲ, 'ತಗೋ ಮಗಾ, ಬಿಸಿ ಬಿಸಿ ಕುಡಿ' ಅನ್ನುವವರೂ ಇಲ್ಲ. ಪರಸ್ಥಳದ ಬದುಕು ಅಂದರೆ ಇದೇ ನೋಡಿ. ಬೇಡದ್ದನ್ನು ಬಿಟ್ಟು ಬರುವ ಗಡಿಬಿಡಿಯಲ್ಲಿ ಬೇಕಾದದ್ದನ್ನೂ ಬಿಟ್ಟು ಬಂದಿರುತ್ತೇವೆ. ಆ ಖಾಲಿ ಜಾಗಕ್ಕೇ ಅಂಗಡಿಯವನು ಬಂದು ಕೂರುವುದು.

ಇಷ್ಟು ಹೇಳಿದ ಮೇಲೆ ಚೀನಾ ವೈದ್ಯಕ್ಕೆ ನ್ಯಾಯ ಕೊಡಬೇಕು. ನಮ್ಮವರು ಡಬ್ಬಿ ನೋಡಿ "ಚೀನಾ ಮಾಲಾ? ಎರಡು ದಿನಕ್ಕೆ ಕೆಡುತ್ತೆ ಬಿಡು" ಅಂತ ನಕ್ಕರು. ಆ ನಗೆ ನನಗೆ ಒಪ್ಪಿಗೆಯಿಲ್ಲ. ಹೆಂಗಸಿನ ಈ ನೋವಿನ ಬಗ್ಗೆ ನಾಚದೆ ಬರೆದ ದೇಶ ಅದು. ಏಳನೇ ಶತಮಾನದಲ್ಲಿ ಸುನ್ ಸಿಮಿಯಾವೊ ಅನ್ನುವ ವೈದ್ಯ ತನ್ನ ದೊಡ್ಡ ಗ್ರಂಥದಲ್ಲಿ ಹೆಂಗಸರ ಔಷಧಿಗಳನ್ನೇ ಮೊದಲಿಗೆ ಇಟ್ಟ. 1237ರಲ್ಲಿ ಚೆನ್ ಝಿಮಿಂಗ್ ಬರೀ ಹೆಂಗಸರ ಕಾಯಿಲೆಗಳ ಮೇಲೆಯೇ ಒಂದು ಪೂರ್ತಿ ಗ್ರಂಥ ಬರೆದ. ಅವರ ಲೆಕ್ಕದಲ್ಲಿ ಮುಟ್ಟಿನ ನೋವಿಗೆ ಒಂದು ದೊಡ್ಡ ಕಾರಣ 'ಶೀತ'. ಶೀತ ಹೊಕ್ಕರೆ ರಕ್ತದ ಓಟ ತಡೆಯುತ್ತದೆ, ತಡೆದಲ್ಲಿ ನೋವು. ಅದಕ್ಕೆ ಆ ದಿನಗಳಲ್ಲಿ ತಣ್ಣೀರು ಮುಟ್ಟಬೇಡ, ಹೊಟ್ಟೆ, ಪಾದ ಬೆಚ್ಚಗಿರಲಿ, ಶುಂಠಿ ಮತ್ತು ಕಂದು ಸಕ್ಕರೆ ಹಾಕಿದ ಬಿಸಿನೀರು ಕುಡಿ. ಆ ಕಂದು ಸಕ್ಕರೆ ನಮ್ಮ ಬೆಲ್ಲದ ದಾಯಾದಿಯೇ. ಹೊಕ್ಕುಳಿಂದ ನಾಲ್ಕು ಬೆರಳು ಕೆಳಗೆ ಒಂದು ಸೊಪ್ಪಿನ ಬತ್ತಿ ಹೊತ್ತಿಸಿ, ಚರ್ಮಕ್ಕೆ ತಾಗದ ಹಾಗೆ ಶಾಖ ಕೊಡುತ್ತಾರೆ. ಆ ಸೊಪ್ಪು ಯಾವುದು ಅಂತೀರಾ? ನಾವು ಹೂಮಾಲೆಗೆ ಸೇರಿಸಿ ಕಟ್ಟುವ ಮಾಚಿಪತ್ರೆಯ ಹತ್ತಿರದ ನೆಂಟ. ಒಳಗಣಕಾಲಿನ ಗಂಟಿನಿಂದ ನಾಲ್ಕು ಬೆರಳು ಮೇಲೆ ಹೆಬ್ಬೆರಳಿಂದ ಒತ್ತಿಕೊಳ್ಳುವುದೂ ಉಂಟು, ಬಸುರಿಯರಿಗೆ ಮಾತ್ರ ಅದು ಬೇಡ ಅನ್ನುತ್ತಾರೆ. ನಾಲ್ಕು ಬೇರುಗಳ ಹಳೆಯ ಕಷಾಯವೊಂದಿದೆ. ಅದರ ಮುಖ್ಯ ಬೇರು ದಾಂಗ್ ಗುಯ್ ನಮ್ಮ ಓಮ, ಕೊತ್ತಂಬರಿಯ ಕುಟುಂಬದ್ದೇ.

ಇದರಲ್ಲಿ ಬಹುಪಾಲು ಒಳ್ಳೆಯದೇ, ಯಾಕೆ ಅಂತಲೂ ಈಗ ಗೊತ್ತಿದೆ. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲ್ಯಾಂಡಿನ್ ಅನ್ನುವ ರಾಸಾಯನಿಕ ಹೆಚ್ಚಿ, ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ. ಹಿಂಡಿದಾಗ ರಕ್ತದ ಓಡಾಟ ಕುಗ್ಗಿ ನೋವಾಗುತ್ತದೆ. ಶಾಖ ಆ ಬಿಗಿತ ಸಡಿಲಿಸುತ್ತದೆ. 2001ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಹೊಟ್ಟೆಯ ಮೇಲೆ ಸತತವಾಗಿ ಇಟ್ಟ ಹದವಾದ ಶಾಖ ಐಬುಪ್ರೊಫೆನ್ ಮಾತ್ರೆಯಷ್ಟೇ ಕೆಲಸ ಮಾಡಿತ್ತು. ಶುಂಠಿಗೂ ಸ್ವಲ್ಪ ಮಟ್ಟಿಗೆ ಪುರಾವೆ ಇದೆ. ಅಂದರೆ ಚೀನಾದ ಅಜ್ಜಿಯೂ ಶಿರಾದ ಅಜ್ಜಿಯೂ ಒಬ್ಬರನ್ನೊಬ್ಬರು ಕಾಣದೆ ಒಂದೇ ಮದ್ದು ಕಂಡುಕೊಂಡಿದ್ದರು. ಅದಕ್ಕೆ ಇಬ್ಬರೂ ಕಾಸು ಕೇಳಿರಲಿಲ್ಲ!

ನನ್ನ ತಕರಾರು ಶುರುವಾಗುವುದು ಇದರ ಮುಂದೆ. ಡಬ್ಬಿ ಮುಗಿಯಿತು, ನೋವು ಮುಗಿಯಲಿಲ್ಲ. ಆಗ ಅದೇ ಪಕ್ಕದ ಮನೆಯಾಕೆ ಒಂದು ಅಕ್ಯುಪಂಕ್ಚರ್ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರು ನಂಬಿಯೇ ಹೇಳಿದ್ದು. ಅಲ್ಲಿದ್ದವನು ಮಗಳ ನಾಡಿ ಹಿಡಿದ, ನಾಲಿಗೆ ನೋಡಿದ, "ಗರ್ಭಕೋಶದಲ್ಲಿ ಶೀತ ಕೂತಿದೆ" ಅಂದ. ವಾರಕ್ಕೆರಡು ಸಲ ಸೂಜಿ, ಹೆಸರಿಲ್ಲದ ಕಂದು ಪುಡಿ. ಮೊಸರು ಬಂದ್, ಎಳನೀರು ಬಂದ್. ಊರಿಂದ ಅಮ್ಮ ಫೋನಿನಲ್ಲಿ ಇದಕ್ಕೆ ನೇರ ಉಲ್ಟಾ. "ಅದು ಉಷ್ಣ ಕಣೇ, ಆಪಾಟಿ ಹೋಗ್ತಾ ಇದೆ ಅಂದ್ರೆ ಇನ್ನೇನು? ಮೆಂತ್ಯ ನೆನೆಹಾಕಿ ಮಜ್ಜಿಗೇಲಿ ಕೊಡು, ಎಳನೀರು ಕುಡಿಸು" ಅಂತ. ನಾನು ಒಂದು ವಾರ ಅವನ ಮಾತು, ಒಂದು ವಾರ ಅಮ್ಮನ ಮಾತು ಕೇಳುತ್ತಿದ್ದೆ. ಒಂದು ದಿನ ಮಗಳು ಹಾಸಿಗೆಯಿಂದಲೇ ಕಿರುಚಿದಳು: "ಒಬ್ರು ತಣ್ಣಗೆ ಅಂತೀರ, ಒಬ್ರು ಬೆಚ್ಚಗೆ ಅಂತೀರ. ನನಗೆ ನೋಯ್ತಾ ಇದೆ ಅನ್ನೋದು ಯಾರಿಗಾದ್ರೂ ಕೇಳಿಸ್ತಾ ಇದ್ಯಾ ಅಮ್ಮಾ?"

ಹೀಗೆ ಎಂಟು ತಿಂಗಳು. ಅವಳಿಗೆ ಆಗ ಇಂಟರ್ ಎರಡನೇ ವರ್ಷ, ಅಂದರೆ ನಿಮ್ಮ ಎರಡನೇ ಪಿಯುಸಿ. ಫಿಸಿಕ್ಸ್ ಪರೀಕ್ಷೆಯ ದಿನ ಅರ್ಧ ಪೇಪರ್ ಬರೆದು ವಾಂತಿ ಮಾಡಿಕೊಂಡು ಎದ್ದು ಬಂದಳು. ಆ ಮಧ್ಯಾಹ್ನವೇ ಸ್ತ್ರೀರೋಗದ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ನಾಡಿ ಹಿಡಿಯಲಿಲ್ಲ, ಪ್ರಶ್ನೆ ಕೇಳಿದರು. ಸ್ಕ್ಯಾನ್ ಮಾಡಿಸಿದರು. ಎಡಗಡೆಯ ಅಂಡಾಶಯದಲ್ಲಿ ರಕ್ತ ತುಂಬಿಕೊಂಡ ಗಂಟು. ಎಂಡೊಮೆಟ್ರಿಯೋಸಿಸ್ ಅಂತ ಹೆಸರು: ಗರ್ಭಕೋಶದ ಒಳಪದರದಂಥದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಜನರಿಗೆ ಇದೆ. "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ಡಾಕ್ಟರಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತ್ರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು ನಾನು! ಈಗ ಹಾರ್ಮೋನ್ ಮಾತ್ರೆ ನಡೆಯುತ್ತಿದೆ, ಅವಳು ಕಾಲೇಜಿಗೆ ಹೋಗುತ್ತಿದ್ದಾಳೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಫಿಸಿಕ್ಸ್ ವಿಷಯಾನೂ ಬರಿ" ಅಂದಳು.

ಅಕ್ಯುಪಂಕ್ಚರ್ ಪೂರ್ತಿ ಸುಳ್ಳು ಅಂತ ಹೇಳುವಷ್ಟು ಓದಿದವಳು ನಾನಲ್ಲ. ಆದರೆ ಓದಿದವರು ತೂಗಿ ನೋಡಿದ್ದಾರೆ. ಔಷಧಿಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2008ರಲ್ಲಿ ಮುಟ್ಟಿನ ನೋವಿಗೆ ಕೊಡುವ ಚೀನೀ ಗಿಡಮೂಲಿಕೆಗಳ 39 ಪ್ರಯೋಗಗಳನ್ನು ನೋಡಿ, ಆಶಾದಾಯಕವಾಗಿದೆ, ಆದರೆ ಪ್ರಯೋಗಗಳ ಗುಣಮಟ್ಟ ಸಾಲದು ಅಂದಿತು. 2016ರಲ್ಲಿ ಸೂಜಿ ಚಿಕಿತ್ಸೆಯ 42 ಪ್ರಯೋಗಗಳನ್ನು ನೋಡಿ, ಪುರಾವೆ ಸಾಲದು ಅಂದಿತು. ಸಾಲದು ಅನ್ನುವ ಕಡೆ 'ಗ್ಯಾರಂಟಿ' ಅಂತ ಬೋರ್ಡು ಹಾಕಿ ದುಡ್ಡು ಎಣಿಸುವವನ ಜೊತೆ ನನ್ನ ಜಗಳ.

ಇನ್ನು ಆ ಹೆಸರಿಲ್ಲದ ಪುಡಿ. ಗಿಡಮೂಲಿಕೆ ತಾನೇ, ಏನೂ ಆಗಲ್ಲ ಅನ್ನುತ್ತೀರಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆ ತಿಂದ ಹೆಂಗಸರ ಮೂತ್ರಪಿಂಡಗಳು ಕೆಟ್ಟುಹೋದವು. ಅರಿಸ್ಟೊಲೋಕಿಯಾ ಅನ್ನುವ ಜಾತಿಯ ಗಿಡ ಅದರಲ್ಲಿ ಸೇರಿತ್ತು. 'ಅಯ್ಯೋ ಚೀನಾದವರು' ಅಂತ ಬೈಯುವ ಮುಂಚೆ ಕೇಳಿ: ಅದೇ ಜಾತಿಯ ಗಿಡ ನಮ್ಮ ಹಿತ್ತಲಲ್ಲೂ ಇದೆ. ಅದೇ ಈಶ್ವರಿ ಬಳ್ಳಿ. ಹಾವು ಕಡಿದರೆ ಅದರ ಬೇರು, ಮುಟ್ಟು ನಿಂತರೂ ಅದರ ಬೇರು ಅಂತ ನಾಟಿ ಮದ್ದಿನವರು ಕೊಟ್ಟುಕೊಂಡು ಬಂದದ್ದು. ವಿಷಕ್ಕೆ ಪಾಸ್‌ಪೋರ್ಟು ಬೇಕಿಲ್ಲ. ಗುಣಕ್ಕೂ ಬೇಕಿಲ್ಲ. ಮಾಚಿಪತ್ರೆಯ ಇನ್ನೊಂದು ನೆಂಟನಿಂದ ಮಲೇರಿಯಾದ ಮದ್ದು ಆರ್ಟೆಮಿಸಿನಿನ್ ತೆಗೆದ ಚೀನಾದ ಹೆಂಗಸು ತೂ ಯೂಯೂ. ಆಕೆಗೆ 2015ರಲ್ಲಿ ನೊಬೆಲ್ ಬಂತು. ಸುಳಿವು ಸಿಕ್ಕಿದ್ದು ಹಳೆಯ ವೈದ್ಯಗ್ರಂಥದಲ್ಲಿ. ಆದರೆ ಆಕೆ ಹಳೆಯದು ಅಂತ ಕೈಮುಗಿದು ಹಾಗೇ ಕೊಡಲಿಲ್ಲ. ಪರೀಕ್ಷೆ ಮಾಡಿದಳು, ಮನುಷ್ಯರಿಗೆ ಕೊಡುವ ಮೊದಲು ತಾನೇ ತಿಂದು ನೋಡಿದಳು. ಹಳೆಯದಕ್ಕೆ ಮರ್ಯಾದೆ ಕೊಡುವ ರೀತಿ ಅದು.

ಈಗ ನಿಮ್ಮ ಸರದಿ. ಈ ಕಥೆಯನ್ನು ಊರಿನಲ್ಲಿ ಹೇಳಿದಾಗಲೆಲ್ಲ ಯಾರಾದರೊಬ್ಬರು ಮೀಸೆ ತಿರುವಿ ಅನ್ನುತ್ತಾರೆ: "ನೋಡಿದ್ಯಾ, ನಮ್ಮ ಹಿರಿಯರು ದಡ್ಡರಲ್ಲ. ಹೆಣ್ಮಕ್ಕಳಿಗೆ ರೆಸ್ಟ್ ಸಿಗಲಿ ಅಂತಲೇ ಮೂರು ದಿನ ಹೊರಗೆ ಕೂರಿಸ್ತಿದ್ರು. ಚೀನಾದವರು ಈಗ ಹೇಳ್ತಿರೋದೂ ಅದೇ ತಾನೇ?" ಅಲ್ಲ, ಸ್ವಾಮಿ. ಅದೇ ಅಲ್ಲ. ಚೀನಾದಲ್ಲೂ ಮುಟ್ಟಾದವಳು ಗುಡಿಗೆ ಹೋಗಬಾರದು ಅನ್ನುವ ಮೈಲಿಗೆ ಇತ್ತು, ಅವರನ್ನೇನು ನಾನು ಅಟ್ಟಕ್ಕೇರಿಸುತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಅಂತ ನಾನೇ ಕಂಡಿದ್ದೇನೆ. ಹೊರಗಾದ ಚಿಕ್ಕಮ್ಮ ಅಡುಗೆಮನೆಗೆ ಬರುವ ಹಾಗಿರಲಿಲ್ಲ, ಕಡಲೆಕಾಯಿ ಹೊಲದ ಕಳೆ ಕೀಳಲು ಮಾತ್ರ ಅಡ್ಡಿಯಿರಲಿಲ್ಲ! ಸೌದೆ ಒಡೆಯಲು, ಕೊಟ್ಟಿಗೆ ಬಾಚಲು ಮೈಲಿಗೆ ಇರಲಿಲ್ಲ. ಇದಕ್ಕೆ ರೆಸ್ಟು ಅನ್ನುತ್ತೀರಾ? ಅಜ್ಜಿಯ ಕಷಾಯ ಆರೈಕೆ, ಅದು ನಿಜ. ಆದರೆ ಅದೇ ಅಜ್ಜಿ ಲೋಟವನ್ನು ಕೈಗೆ ಕೊಡದೆ ಎರಡು ಮಾರು ದೂರ ನೆಲದ ಮೇಲಿಟ್ಟು ಹೋಗುತ್ತಿದ್ದಳಲ್ಲ, ಅದು ಯಾವ ವಿಜ್ಞಾನ?

ಹಳೇ ಕಾಲದ ಮಾತು ಅನ್ನಬೇಡಿ. 2023ರ ಜುಲೈನಲ್ಲಿ ನಮ್ಮದೇ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕ ಅಂತ ಹಸಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಲ್ಲಿ ಇಟ್ಟರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ಮುಟ್ಟಿಗೂ ಬಾಣಂತನಕ್ಕೂ 'ಬೆಚ್ಚಗಿರು' ಅನ್ನುವುದೇ ಆರೈಕೆ ಅಂತ ಎರಡೂ ದೇಶದ ಅಜ್ಜಿಯರು ಹೇಳಿರುವಾಗ, ಚಳಿಯಲ್ಲಿ ಹೊರಗೆ ಹಾಕುವುದು ಆರೈಕೆ ಹೇಗಾದೀತು? ಆರೈಕೆ ಬೇರೆ, ಚಿಕಿತ್ಸೆ ಬೇರೆ, ಮೈಲಿಗೆ ಬೇರೆ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿ 'ಸಂಪ್ರದಾಯ' ಅಂತ ಮಾರಬೇಡಿ, ಚೀನೀ ಅಕ್ಷರದಲ್ಲೂ ಬೇಡ, ಕನ್ನಡ ಅಕ್ಷರದಲ್ಲೂ ಬೇಡ.

ಚೀನಾದಿಂದ ತರಿಸಲೇಬೇಕು ಅಂತಿದ್ದರೆ ನಾನು ಬೇರೆ ಒಂದು ಸರಕು ಹೇಳುತ್ತೇನೆ. 1988ರಲ್ಲಿ ಆ ದೇಶ ಹೆಂಗಸು ಕಾರ್ಮಿಕರ ರಕ್ಷಣೆಗೆ ಒಂದು ನಿಯಮ ಮಾಡಿತು. ಮುಟ್ಟಿನ ದಿನಗಳಲ್ಲಿ ಅವಳನ್ನು ಎತ್ತರದಲ್ಲಿ, ಕೊರೆಯುವ ಚಳಿಯಲ್ಲಿ, ತಣ್ಣೀರಿನಲ್ಲಿ ಕೆಲಸಕ್ಕೆ ಹಚ್ಚುವ ಹಾಗಿಲ್ಲ, ಹೆಚ್ಚು ಭಾರದ ಕೆಲಸವೂ ಇಲ್ಲ ಅಂತ. 1993ರ ನಿಯಮದಲ್ಲಿ ವಿಪರೀತ ನೋವಿದ್ದರೆ, ಸ್ರಾವ ಹೆಚ್ಚಿದ್ದರೆ, ಡಾಕ್ಟರ ಚೀಟಿ ತಂದವಳಿಗೆ ಒಂದೆರಡು ದಿನ ರಜೆ ಅಂತ ಸೇರಿಸಿದರು. ಅಲ್ಲಿನ ಎಲ್ಲ ಫ್ಯಾಕ್ಟರಿಗಳಲ್ಲೂ ಇದು ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ 'ಶೀತದಿಂದ ದೂರವಿರು' ಅನ್ನುವ ಅಜ್ಜಿಯ ಮಾತನ್ನು ಹೆಂಗಸಿಗೆ ಹೇಳಿ ಸುಮ್ಮನಾಗದೆ ಮಾಲೀಕನಿಗೂ ಹೇಳಿದರಲ್ಲ, ಅದು ದೊಡ್ಡದು. ನಮ್ಮ ಡಬ್ಬಿ ಮಾರುವವರು ಅದನ್ನು ಮಾತ್ರ ಹೇಳುವುದಿಲ್ಲ. ಎಂಟು ಗಂಟೆ ನಿಲ್ಲುವ ಹುಡುಗಿಗೆ 'ಪಾದ ಬೆಚ್ಚಗಿಟ್ಟುಕೋ' ಅಂತ ಉಪದೇಶ ಮಾಡಿದರೆ ಏನು ಬಂತು? ಅವಳಿಗೆ ಮೊದಲು ಒಂದು ಸ್ಟೂಲ್ ಕೊಡಿ.

ವಿಶ್ರಾಂತಿ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ನಮ್ಮ ಬೆಳಗಾವಿ ಕಡೆಗೂ ಬರುತ್ತಾರೆ. ಒಂದು ದಿನ ತಪ್ಪಿದರೆ ದಂಡ. ಅದಕ್ಕೆ ಮುಟ್ಟೇ ಬೇಡ ಅಂತ ಗರ್ಭಕೋಶ ತೆಗೆಸಿಕೊಂಡವರಿದ್ದಾರೆ. 2019ರಲ್ಲಿ ಸರ್ಕಾರವೇ ಸಮಿತಿ ಮಾಡಿ ವಿಚಾರಿಸಿದಾಗ ಆ ಒಂದೇ ಜಿಲ್ಲೆಯ ಕಬ್ಬಿನ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನರಿಗೆ ಗರ್ಭಕೋಶ ಇರಲಿಲ್ಲ. ಅಷ್ಟೂ ಜನ ರಜೆ ಸಿಗದೆಯೇ ತೆಗೆಸಿಕೊಂಡರು ಅಂತ ನಾನು ಹೇಳಲಾರೆ. ಆದರೆ ಒಂದು ದಿನದ ದಂಡಕ್ಕೆ ಹೆದರಿ ಒಬ್ಬಳು ತೆಗೆಸಿಕೊಂಡಿದ್ದರೂ ಅದು ನಮಗೆ ನಾಚಿಕೆಗೇಡು.

ಅದಕ್ಕೇ 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿದಾಗ, ಸರ್ಕಾರಿ ಕಚೇರಿ, ಗಾರ್ಮೆಂಟ್ಸ್, ಐಟಿ ಎಲ್ಲ ಕಡೆಗೂ ಅಂದಾಗ, ನಾನು ನಾಚಾರಂನಲ್ಲಿ ಕೂತು ಊರಿನ ಬಗ್ಗೆ ಹೆಮ್ಮೆಪಟ್ಟೆ. ಇಲ್ಲಿನ ನಮ್ಮ ಪ್ಯಾಕಿಂಗ್ ಹುಡುಗಿಯರಿಗೆ ಹೇಳಿದರೆ ನಂಬಲಿಲ್ಲ, "ನಿಜಂಗಾನಾ ಅಕ್ಕಾ?" ಅಂದರು. ಆದರೆ ಆಮೇಲೆ ಊರಿನಿಂದಲೇ ಫೋನುಗಳು ಬಂದವು. "ಹಿಂಗಾದ್ರೆ ಹೆಣ್ಮಕ್ಕಳಿಗೆ ಕೆಲಸ ಯಾರು ಕೊಡ್ತಾರೆ?" "ರಜೆ ಕೇಳಕ್ಕೆ ನಾಚಿಕೆ ಆಗಲ್ವಾ?" ಹಿರಿಯರು ರೆಸ್ಟ್ ಕೊಡುತ್ತಿದ್ದರು ಅಂತ ಮೀಸೆ ತಿರುವಿದವರೇ ಇದನ್ನೂ ಕೇಳಿದ್ದು! ಮೂರು ದಿನ ಅಂಗಳದಲ್ಲಿ ಕೂತರೆ ಸಂಸ್ಕೃತಿ, ಒಂದು ದಿನ ಸಂಬಳದ ಜೊತೆ ಮನೆಯಲ್ಲಿ ಮಲಗಿದರೆ ಸೋಮಾರಿತನವೇ? ಆ ರಜೆಯನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಕೆಲಸದವರನ್ನು ಇಟ್ಟುಕೊಂಡವರು, ಅವಳು ಕೇಳುವ ಮುಂಚೆ ಕೊಡಿ. ಪಾತ್ರೆ ತಿಕ್ಕುವವಳಿಗೆ ಯಾವ ಸಂಪುಟದ ಆದೇಶ ಬರಬೇಕು ಹೇಳಿ, ನಿಮ್ಮ ಬಾಯಿಮಾತು ಸಾಲದೇ?

ನಮ್ಮ ಮನೆಯಲ್ಲಿ ಈಗ ಹೀಗೆ ನಡೆಯುತ್ತದೆ. ಆ ದಿನ ಬಂತು ಅಂದರೆ ಅವಳ ಅಪ್ಪನೇ ಶುಂಠಿ ಜಜ್ಜುತ್ತಾರೆ. ಚೀನಾ ಮಾಲು ಅಂತ ನಕ್ಕವರು. ಬಿಸಿನೀರಿನ ರಬ್ಬರ್ ಚೀಲಕ್ಕೆ ಟವೆಲ್ ಸುತ್ತಿ ಕೊಡುತ್ತೇವೆ. ಡಾಕ್ಟರಮ್ಮ ಬರೆದ ಮಾತ್ರೆ, ಬರೆದ ಹೊತ್ತಿಗೆ. ಕಣಕಾಲಿನ ಮೇಲೆ ನಾಲ್ಕು ಬೆರಳು ಅಳೆದು ನಾನೇ ಒತ್ತುತ್ತೇನೆ. ಅದರಿಂದ ನೋವು ಹೋಗುತ್ತದೋ ಇಲ್ಲವೋ, ಅಮ್ಮ ಕಾಲು ಹಿಡಿದು ಕೂತಿದ್ದಾಳೆ ಅನ್ನುವುದು ಅವಳಿಗೆ ಹಿತ. ಅದಕ್ಕೆ ದುಡ್ಡಿಲ್ಲ. ಮೊಸರು ಬೇಕಾದರೆ ತಿನ್ನುತ್ತಾಳೆ.

ನಿಮ್ಮ ಮಗಳು ನೋವು ಅಂದರೆ 'ಎಲ್ಲರಿಗೂ ಇರೋದೇ' ಅನ್ನಬೇಡಿ. ಶಾಲೆ ತಪ್ಪಿಸುವಷ್ಟು, ವಾಂತಿ ಬರುವಷ್ಟು, ಪ್ರತಿ ತಿಂಗಳೂ ಹೆಚ್ಚುತ್ತ ಹೋಗುವಷ್ಟು ನೋವು ಎಲ್ಲರಿಗೂ ಇರುವುದಲ್ಲ. ಕಷಾಯ ಒಲೆ ಮೇಲಿರಲಿ, ಅದು ಕಾಯುವಷ್ಟರಲ್ಲಿ ಡಾಕ್ಟರಿಗೆ ಫೋನು ಮಾಡಿ. ನಾನು ಎಂಟು ತಿಂಗಳು ತಡ ಮಾಡಿದೆ.